ಚಪ್ಪಲಿ ಕಾಯುತ್ತಿದ್ದವಳನ್ನು ಒಳಗೆ ಕರೆದ ಮೇಲೆ

ಆ ಅಜ್ಜಿಗೆ ನಾನು ಮೂರು ತಿಂಗಳು ಬೈದೆ. ಬೈಯುವುದು ಅಂದರೆ ನಮ್ಮ ಧಾಟಿಯದು: "ಅಜ್ಜಿ, ಹೀಂಗೇ ಆದ್ರೆ ಕಣ್ಣು ಹೋಗ್ತದೆ, ಕಾಲು ಹೋಗ್ತದೆ, ಆಮೇಲೆ ನನ್ನ ಕೇಳ್ಬೇಡಿ." ಬಂದಾಗಲೆಲ್ಲ ಬರಿಹೊಟ್ಟೆಯ ಶುಗರ್ 250 ದಾಟಿಯೇ ಇರುತ್ತಿತ್ತು, ಒಮ್ಮೆ 284. ಅಜ್ಜಿ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡು ತಲೆ ಅಲ್ಲಾಡಿಸುತ್ತಿದ್ದರು. ಜೊತೆಗೆ ಬಂದ ಮಗ, "ಸಿಹಿ ಮುಟ್ಟೂದೇ ಇಲ್ಲ ಸಿಸ್ಟರ್, ಚಾಕ್ಕೂ ಸಕ್ರೆ ಹಾಕೂದಿಲ್ಲ" ಅನ್ನುತ್ತಿದ್ದ. ತಾಯಿ ಮಗ ಇಬ್ಬರೂ ಸೇರಿ ನನಗೆ ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡಿದ್ದೆ.

ನಾಲ್ಕನೇ ತಿಂಗಳು ಅವರು ಬಂದ ದಿನ ಮಳೆ ಹೊಡೆಯುತ್ತಿತ್ತು. ನೀರು ಒಳಗೆ ಬರುತ್ತದೆಂದು ಬಾಗಿಲು ಹಾಕಲು ಎದ್ದೆ. ಹೊರಗೆ ಒಬ್ಬ ಹೆಂಗಸು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಔಷಧದ ಚೀಲ, ಕಾಲ ಬುಡದಲ್ಲಿ ಮೂರು ಜೋಡಿ ಚಪ್ಪಲಿ.

"ಯಾರ ಕಡೆಯವರು?"

"ಅತ್ತೆ ಒಳಗಿದ್ರಲ್ರಾ."

"ಮನೇಲಿ ಅಡುಗೆ ಯಾರು ಮಾಡೂದು?"

"ನಾನೇ."

ಒಳಗೆ ಕರೆದು ಕೂರಿಸಿದೆ. ಕೂರಲು ಒಪ್ಪಲಿಲ್ಲ, ಅತ್ತೆಯ ಎದುರು ಕುರ್ಚಿಯಲ್ಲಿ ಕೂರುವ ಪದ್ಧತಿ ಅವರಲ್ಲಿರಲಿಲ್ಲ. ನಿಂತೇ ಹೇಳಿದಳು: "ಅತ್ತೆಗೆ ಹಲ್ಲಿಲ್ಲ. ಮೂರೂ ಹೊತ್ತು ಗಂಜಿ ಮಾಡಿ ಕೊಡ್ತೆ. ಕುಚ್ಚಲಕ್ಕಿದೇ. ಒಳ್ಳೇದಲ್ವ್ರಾ?"

ಯಾರೂ ಸುಳ್ಳು ಹೇಳಿರಲಿಲ್ಲ. ಅಜ್ಜಿ ಸಿಹಿ ಮುಟ್ಟುತ್ತಿರಲಿಲ್ಲ, ನಿಜ. ಮಗನಿಗೆ ತಾಯಿ ಏನು ಉಣ್ಣುತ್ತಾಳೆ ಅನ್ನುವುದು ಗೊತ್ತಿರಲಿಲ್ಲ, ಅದೂ ನಿಜ. ಗೊತ್ತಿದ್ದವಳೊಬ್ಬಳು ಮೂರು ತಿಂಗಳಿಂದ ಹೊರಗೆ ಚಪ್ಪಲಿ ಕಾಯುತ್ತಿದ್ದಳು, ನಾನು ಕೇಳಿರಲಿಲ್ಲ.

ನಾನು ಸ್ಟಾಫ್ ನರ್ಸ್. ಹೆಚ್ಚಿನ ಸರ್ವಿಸ್ ಘಟ್ಟದ ಕೆಳಗೆ, ಕುಮಟಾ ಕಡೆ. ನಡುವೆ ಮೂರು ವರ್ಷ ಘಟ್ಟದ ಮೇಲೆ, ಶಿರಸಿ ಕಡೆ. ನಮ್ಮ ಕೋಣೆಯ ಬೋರ್ಡಿನಲ್ಲಿ ಎನ್‌ಸಿಡಿ ಎಂದು ಬರೆದಿದೆ, ಅಂದರೆ ಸಾಂಕ್ರಾಮಿಕವಲ್ಲದ ಕಾಯಿಲೆಗಳು; ಜನ ಮಾತ್ರ ಶುಗರ್-ಬಿಪಿ ರೂಮು ಅನ್ನುತ್ತಾರೆ. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟದ್ದು ರೋಗಿಗೆ ತಿಳಿವಳಿಕೆ ಕೊಡುವುದು. ರೋಗಿ ನನ್ನೆದುರು ಕೂರುವುದು ತಿಂಗಳಿಗೆ ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಅವರು ಯಾರೋ ಬೇಯಿಸಿದ್ದನ್ನು, ಯಾರೋ ಬಡಿಸಿದ್ದನ್ನು ಉಣ್ಣುತ್ತಾರೆ; ಯಾರೋ ತಂದುಕೊಟ್ಟ ಮಾತ್ರೆ ನುಂಗುತ್ತಾರೆ.

ಆ ಸೊಸೆಗೆ ಮುಂದಿನ ಸಲ ಬರುವಾಗ ಅಕ್ಕಿ ಅಳೆಯುವ ಪಾತ್ರೆ ತರಲು ಹೇಳಿದೆ. ಇದು ನನಗೆ ಆ ಹೊತ್ತಿಗೆ ಹೊಳೆದದ್ದು, ಯಾವ ಚಾರ್ಟಿನಲ್ಲೂ ಇರಲಿಲ್ಲ. ಚಾರ್ಟಿನಲ್ಲಿ "ಒಂದು ಬಟ್ಟಲು ಅನ್ನ" ಅಂತಿರುತ್ತದೆ. ಯಾರ ಮನೆಯ ಬಟ್ಟಲು? ಅಡುಗೆ ಮಾಡುವವರ ಲೆಕ್ಕ ಇರುವುದು ಅಕ್ಕಿಯಲ್ಲಿ. ಅವಳು ಟವೆಲಿನಲ್ಲಿ ಸುತ್ತಿ ಒಂದು ಸ್ಟೀಲಿನ ಲೋಟ ತಂದಳು. ಮನೆಯಿಂದ ನಾನೊಂದು ಸಣ್ಣ ತೂಕದ ಯಂತ್ರ ಒಯ್ದಿದ್ದೆ. ಅವಳು ಅಜ್ಜಿಗೆಂದು ಹಾಕುವಷ್ಟು ಅಕ್ಕಿ ತುಂಬಿಸಿ ತೂಗಿದೆವು. ಒಂದು ಹೊತ್ತಿಗೆ 120 ಗ್ರಾಂ. ಅಕ್ಕಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಪಿಷ್ಟವೇ, ಅಂದರೆ ಆ ಲೋಟದಲ್ಲಿ 90 ಗ್ರಾಂ ಮೇಲೆ. ಮೇಜಿನ ಮೇಲೆ ಸಕ್ಕರೆ ಡಬ್ಬ ಇಟ್ಟು ಚಮಚಕ್ಕೆ 5 ಗ್ರಾಂನಂತೆ ಒಂದು ಪೇಪರಿಗೆ ಸುರಿಯುತ್ತ ಹೋದೆ. ಹದಿನೆಂಟನೇ ಚಮಚಕ್ಕೆ ಅಜ್ಜಿ, "ಸಾಕ್ ಮಾರಾಯ್ತಿ, ತಿಳೀತು" ಅಂದರು.

ಕುಚ್ಚಲಕ್ಕಿಯ ಬಗ್ಗೆ ನಮ್ಮ ಕರಾವಳಿಯಲ್ಲಿ ದೊಡ್ಡ ನಂಬಿಕೆ. ಅದನ್ನು ಉಂಡರೆ ಶುಗರ್ ಬರುವುದಿಲ್ಲ, ಬಂದರೂ ಏರುವುದಿಲ್ಲ ಅಂತ. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಅದು ವಾಸಿ, ಒಪ್ಪುತ್ತೇನೆ. ಆದರೆ ಅಗುಳು ಒಡೆಯುವ ತನಕ ಬೇಯಿಸಿ, ಹಿಸುಕಿ, ಉಪ್ಪಿನಕಾಯಿಯ ಒಂದು ಹೋಳಿನ ಜೊತೆ ಕುಡಿದರೆ ಅದರ ಹಿರಿಮೆ ಏನೂ ಉಳಿಯುವುದಿಲ್ಲ. ಮೆತ್ತಗಾದಷ್ಟೂ ಬೇಗ ರಕ್ತಕ್ಕೆ ಇಳಿಯುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಸೊಸೆಯ ಕೈಗೇ ಗ್ಲುಕೋಮೀಟರ್ ಕೊಟ್ಟೆ. ಬೆರಳಿನ ತುದಿಗಲ್ಲ, ಪಕ್ಕಕ್ಕೆ ಚುಚ್ಚಬೇಕು, ನೋವು ಕಡಿಮೆ. ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕು, ಹಲಸಿನ ತೊಳೆ ಬಿಡಿಸಿದ ಕೈಯಲ್ಲಿ ನೋಡಿದರೆ ಯಂತ್ರ ಹಲಸಿನ ಶುಗರನ್ನೇ ತೋರಿಸುತ್ತದೆ. ಊಟಕ್ಕೆ ಮೊದಲು ಒಂದು ಸಲ, ಉಂಡು ಎರಡು ತಾಸಿಗೆ ಇನ್ನೊಂದು ಸಲ. ಹಳೇ ಗಂಜಿಯ ದಿನ 178 ಇದ್ದದ್ದು 301 ಆಯಿತು. ಅರ್ಧ ಲೋಟ ಅಕ್ಕಿ, ಅದಕ್ಕೆ ಒಂದು ಹಿಡಿ ಹೆಸರುಕಾಳು, ಜೊತೆಗೆ ಮೆತ್ತಗೆ ಬೆಂದ ಬಸಳೆ, ಮುಳ್ಳು ಬಿಡಿಸಿದ ಬಂಗಡೆ ಸಾರು ಕೊಟ್ಟ ದಿನ 172 ಇದ್ದದ್ದು 226. ಆ ಎರಡು ದಿನದ ನಾಲ್ಕು ಅಂಕಿಗಳನ್ನು ಅವಳು ಕ್ಯಾಲೆಂಡರಿನ ಚೌಕದಲ್ಲಿ ಬರೆದುಕೊಂಡು ಬಂದಳು.

ಬಂಗಡೆಯದೂ ಒಂದು ಕಥೆ. ಶುಗರ್ ಬಂದ ಮೇಲೆ ಮೀನು ಉಷ್ಣ ಎಂದು ಯಾರೋ ಹೇಳಿದ್ದಕ್ಕೆ ಅಜ್ಜಿ ಮೀನು ಬಿಟ್ಟಿದ್ದರು. ಬಿಡಬೇಕಾದ್ದನ್ನು ಇಟ್ಟುಕೊಂಡು ಇಟ್ಟುಕೊಳ್ಳಬೇಕಾದ್ದನ್ನು ಬಿಡುವುದು ನಮ್ಮ ಕಡೆ ಬಹಳ ಕಾಣುತ್ತೇನೆ. ಬಂಗಡೆ, ತಾರ್ಲೆ ಮೀನಿನಲ್ಲಿ ಪಿಷ್ಟವೇ ಇಲ್ಲ. ಎಣ್ಣೆಯಲ್ಲಿ ಮುಳುಗಿಸಿ ಕರಿಯಬೇಡಿ ಅಂದೆ, ಅಷ್ಟೇ.

ಆರು ತಿಂಗಳಲ್ಲಿ ಎಚ್‌ಬಿಎ1ಸಿ 10.6ರಿಂದ 8.2ಕ್ಕೆ ಇಳಿಯಿತು. ಅದು ಸುಮಾರು ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ರಕ್ತಪರೀಕ್ಷೆ, ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ಮೋಸಗೊಳಿಸಲು ಬರುವುದಿಲ್ಲ. 80ರ ಸಮೀಪದ ಜೀವಕ್ಕೆ 7ರ ಒಳಗೆ ತರಲೇಬೇಕೆಂದು ಹಟ ಹಿಡಿಯುವುದಿಲ್ಲ, ಹಟ ಹಿಡಿದರೆ ಶುಗರ್ ತೀರಾ ಇಳಿದು ಬೀಳುವ ಭಯ. ನಡುವೆ ಡಾಕ್ಟರು ಮಾತ್ರೆಯನ್ನೂ ಬದಲಿಸಿದ್ದರು, ಹಾಗಾಗಿ ಎಲ್ಲ ಶ್ರೇಯ ಲೋಟಕ್ಕಲ್ಲ. ಇನ್ನೊಂದು ಮಾತು: ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇರುವವರ ಮನೆಯಲ್ಲಿ ಅಕ್ಕಿ ಅರ್ಧ ಮಾಡುವ ಮೊದಲು ಡಾಕ್ಟರಿಗೆ ಹೇಳಲೇಬೇಕು. ಊಟ ಇಳಿಸಿ ಮಾತ್ರೆ ಹಾಗೇ ಇಟ್ಟರೆ ಶುಗರ್ ತೀರಾ ಇಳಿಯುವ ಅಪಾಯ.

ಅಂದಿನಿಂದ ರೂಮಿಗೆ ಇನ್ನೆರಡು ಕುರ್ಚಿ ಹಾಕಿಸಿದೆ. ಹೊಸಬರು ಬಂದರೆ ಕಾಯಿಲೆಯ ಮಾತಿಗೆ ಮೊದಲು ಮನೆಯ ಮಾತು. ಬೇಯಿಸುವವರು ಯಾರು, ಬಡಿಸುವವರು ಯಾರು (ಇವರಿಬ್ಬರೂ ಬೇರೆ ಇರುತ್ತಾರೆ, ಬಡಿಸುವ ಕೈ ಧಾರಾಳವಾದರೆ ಬೇಯಿಸಿದವಳ ಲೆಕ್ಕ ತಲೆಕೆಳಗು), ಮಾತ್ರೆ ತರುವವರು ಯಾರು, ರಾತ್ರಿ ಎರಡಕ್ಕೆ ಮೈ ಬೆವರಿ ಎದ್ದರೆ ಪಕ್ಕದಲ್ಲಿ ಇರುವವರು ಯಾರು. ಕೊನೆಯ ಪ್ರಶ್ನೆಗೆ ಎಷ್ಟೋ ಜನ ಸುಮ್ಮನಾಗುತ್ತಾರೆ.

ಇನ್ನೊಂದನ್ನು ರೋಗಿಯ ಹತ್ತಿರವೇ, ಒಬ್ಬರೇ ಇದ್ದಾಗ ಕೇಳುತ್ತೇನೆ: "ಮನೆಯವರನ್ನು ಒಳಗೆ ಕರೀಲಾ?" ಇದನ್ನು ಕೇಳದೆ ಒಮ್ಮೆ ಎಡವಟ್ಟಾಗಿತ್ತು. ಮಗಳ ಸಂಬಂಧದ ಮಾತುಕತೆ ನಡೆಯುತ್ತಿದ್ದ ಒಬ್ಬರು ತಮಗೆ ಶುಗರ್ ಇರುವುದನ್ನು ನಾದಿನಿಗೂ ಹೇಳಿರಲಿಲ್ಲ. ನಾನು ಉತ್ಸಾಹದಲ್ಲಿ ನಾದಿನಿಯನ್ನೇ ಒಳಗೆ ಕರೆದು ಕೂರಿಸಿಬಿಟ್ಟೆ. ಆಮೇಲೆ ಅವರು ನಮ್ಮಲ್ಲಿಗೆ ಬರಲೇ ಇಲ್ಲ.

ಇದಕ್ಕಿಂತ ದೊಡ್ಡ ತಪ್ಪು ಮಾಡಿದ್ದು ಘಟ್ಟದ ಮೇಲೆ. ಮನೆಯವರನ್ನು ಸೇರಿಸಿಕೊಂಡರೆ ಕೆಲಸ ಸಲೀಸು ಎಂದು ತಿಳಿದುಕೊಂಡ ಮೇಲೆ ಆದದ್ದು ಇದು. ಒಬ್ಬ ಅಡಿಕೆ ತೋಟಿಗರು, ಎಪ್ಪತ್ತರ ಆಸುಪಾಸು. ಬಾಯಿ ತುಂಬ ಎಲೆಯಡಿಕೆಯ ಕವಳ, ಮಾತಿನಲ್ಲಿ ಹಾಸ್ಯ. ಬೆಳಿಗ್ಗೆ ತೆಳ್ಳೇವಿಗೆ (ತೆಳು ದೋಸೆ) ಜೋನಿಬೆಲ್ಲ (ನೀರುಬೆಲ್ಲ) ಇಲ್ಲದೆ ಆಗದು. ಶಿರಸಿ ಸೀಮೆಯಲ್ಲಿ ಆಲೆಮನೆಯ ಕಾಲ ಬಂದರೆ ಒಂದು ಮನೆಗೆ ಒಂದೆರಡು ಡಬ್ಬ ಜೋನಿಬೆಲ್ಲ ಬಂದು ಕೂರುತ್ತದೆ, ವರ್ಷದ ಬಾಬ್ತು. ಅವರ ಹೆಂಡತಿ, ಮಗ, ಸೊಸೆ ಮೂವರನ್ನೂ ಕೂರಿಸಿ ಒಂದು ತಾಸು ಪಾಠ ಮಾಡಿದೆ. ಕೊನೆಗೆ, "ನೀವೆಲ್ಲ ಸ್ವಲ್ಪ ನಿಗಾ ಇಡಿ" ಅಂದೆ. ಆ ಒಂದು ಮಾತು ಸಾಕಾಯಿತು.

ಮಗ ಜೋನಿಬೆಲ್ಲದ ಡಬ್ಬವನ್ನು ಅಟ್ಟಕ್ಕೆ ಏರಿಸಿ ಬಾಗಿಲಿಗೆ ಬೀಗ ಹಾಕಿದ. ಹೆಂಡತಿ ಅಂಗಿಯ ಕಿಸೆ ನೋಡಲು ಶುರು ಮಾಡಿದರು. ನೆಂಟರು ಬಂದಾಗ ಆಸರಿಗೆ (ಬಾಯಾರಿಕೆಗೆ) ಕಷಾಯ ಕೊಟ್ಟರೆ, ಎಲ್ಲರ ಎದುರಿಗೇ "ಅವರಿಗೆ ಬೆಲ್ಲ ಹಾಕಿದ್ದು ಬೇಡ" ಎಂದು ಸೊಸೆ ಲೋಟ ವಾಪಸ್ ಒಯ್ಯುತ್ತಿದ್ದಳಂತೆ. ಎರಡು ತಿಂಗಳಿಗೆ ಶುಗರ್ ಮೊದಲಿಗಿಂತ ಹೆಚ್ಚು. ಅದಲ್ಲದೆ ಮಾತ್ರೆಯ ಪಟ್ಟಿ ಹತ್ತು ದಿನ ಮೊದಲೇ ಖಾಲಿಯಾಗುತ್ತಿತ್ತು. ಎಣಿಸಿ ನೋಡಿದ್ದು ನಾನೇ. ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿದೆ.

"ತಂಗೀ, ಮನೇಲಿ ಎಲ್ಲ ಪೊಲೀಸರಾಗಿ ಬಿಟ್ರು" ಅಂದರು. "ಐವತ್ತು ವರ್ಷ ಈ ತೋಟ ಮಾಡಿದವ ನಾನು. ನಾ ಎತ್ತಿ ಆಡಿಸಿದ ಮಾಣಿ ಬೆಲ್ಲದ ಡಬ್ಬಕ್ಕೆ ಬೀಗ ಹಾಕ್ತ." ಪೇಟೆಗೆ ಹೋದಾಗಲೆಲ್ಲ ಹೋಟೆಲಿಗೆ ಹೊಕ್ಕು ಎರಡು ಸಿಹಿ ತಿಂದು, ಆ ರಾತ್ರಿ ಲೆಕ್ಕ ಸರಿ ಮಾಡಲು ಎರಡು ಮಾತ್ರೆ ನುಂಗುತ್ತಿದ್ದರು. ನನಗೆ ಕೈಕಾಲು ತಣ್ಣಗಾಯಿತು. ಶುಗರ್ ಇಳಿದು ತೋಟದ ನಡುವೆ ಎಲ್ಲಾದರೂ ಬಿದ್ದಿದ್ದರೆ ಕೂಗಿದರೂ ಯಾರಿಗೂ ಕೇಳುತ್ತಿರಲಿಲ್ಲ.

ಅವರ ಮನೆಗೇ ಹೋದೆ. ಜಗುಲಿಯಲ್ಲಿ ಎಲ್ಲರೂ ಕೂತೆವು. ಈ ಸಲ ಪಾಠ ಮಾಡಲಿಲ್ಲ. ತಪ್ಪು ನನ್ನದೆಂದು ಮೊದಲು ಹೇಳಿದೆ, ನಿಗಾ ಅನ್ನುವ ಶಬ್ದವನ್ನು ವಾಪಸ್ ತೆಗೆದುಕೊಂಡೆ. ಆಮೇಲೆ ಅವರನ್ನೇ ಕೇಳಿದೆ: "ನಿಮಗೆ ಎಂತ ಬೇಕು?" ಭಾನುವಾರ ಜೋನಿಬೆಲ್ಲ ಬೇಕು, ನೆಂಟರ ಎದುರು ಮರ್ಯಾದೆ ಬೇಕು. ಎರಡೇ. ಭಾನುವಾರ ಬೆಳಿಗ್ಗೆ ಎರಡು ತೆಳ್ಳೇವು, ಒಂದು ಚಮಚ ಬೆಲ್ಲ, ಅದೂ ತಾವೇ ಅಳೆದು ಹಾಕಿಕೊಳ್ಳುವುದು. ಆ ಮಧ್ಯಾಹ್ನ ಅನ್ನ ಕಡಿಮೆ, ಪಲ್ಯ ಹೆಚ್ಚು. ನೆಂಟರು ಬಂದ ದಿನ ಎಲ್ಲರಿಗೂ ಬೆಲ್ಲವಿಲ್ಲದ ಮಜ್ಜಿಗೆ. ಇಷ್ಟಕ್ಕೆ ಒಪ್ಪಂದವಾಯಿತು. ಮನೆಯವರಿಗೆ ನೋಡುವ ಕೆಲಸ ತಪ್ಪಿಸಿ ಮಾಡುವ ಕೆಲಸ ಕೊಟ್ಟೆ. ಮಗ ಮಾತ್ರೆ ಮುಗಿಯುವ ಒಂದು ವಾರ ಮೊದಲೇ ತಂದಿಡುವುದು. ಹೆಂಡತಿ ದಿನಕ್ಕೊಂದು ಸೊಪ್ಪಿನ ತಂಬುಳಿ ಇಲ್ಲವೇ ಪಲ್ಯ. ಸೊಸೆ ಮಾವನ ಜೊತೆ ಸಂಜೆ ತೋಟದ ತನಕ ನಡಿಗೆ. ಮೊಮ್ಮಗ, ಐದನೇ ಕ್ಲಾಸಿನ ಹುಡುಗ, "ನಂಗೆ?" ಅಂದ. ಅವನಿಗೆ ಅಜ್ಜನ ಕಾಲು. "ಏನು ತಿಂದೆ?" ಎಂದು ಯಾರೂ ಕೇಳಬಾರದು ಅನ್ನುವ ಷರತ್ತು ನಾನು ಹಾಕಿದ್ದು. ಮಗನಿಗೆ ಅದೇ ಎಲ್ಲಕ್ಕಿಂತ ಕಷ್ಟವಾದದ್ದು.

ಕೇಳುವುದರ ಇನ್ನೊಂದು ಬಗೆ ದೂರದಿಂದ ಬರುತ್ತದೆ. ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಈಗ ಇಬ್ಬರೇ ಹಿರಿಯರು, ಮಕ್ಕಳೆಲ್ಲ ಬೆಂಗಳೂರು. ಒಬ್ಬ ಮಗ ತಾಯಿಗೆ ಒಳ್ಳೆಯ ಗ್ಲುಕೋಮೀಟರ್ ಕಳಿಸಿ ದಿನಾ ರಾತ್ರಿ ಫೋನ್ ಮಾಡುತ್ತಿದ್ದ. "ಆಯಿ, ಇವತ್ತು ಎಷ್ಟು?" "ನೂರಾ ಮೂವತ್ತು." ಅವನು ಆ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಸಾಲಾಗಿ ಹಾಕಿ ಪ್ರಿಂಟ್ ತೆಗೆದು ರಜೆಯಲ್ಲಿ ನನಗೆ ತೋರಿಸಿದ. ಬಹಳ ಚಂದದ ಗೆರೆ. ಎಚ್‌ಬಿಎ1ಸಿ ಮಾತ್ರ 9 ದಾಟಿತ್ತು. ಯಂತ್ರ ಇಸಿದುಕೊಂಡು ಬಟನ್ ಒತ್ತಿ ಹಿಂದಿನ ಲೆಕ್ಕ ತೆಗೆದೆ. ಅದರ ನೆನಪಿನಲ್ಲಿ ಎಲ್ಲ ಇರುತ್ತದೆ: 240, 218, 263, ನಡುವೆ ಎಷ್ಟೋ ದಿನ ನೋಡಿದ್ದೇ ಇಲ್ಲ. ಆಯಿ ನನ್ನ ಮುಖ ನೋಡಲಿಲ್ಲ, ಮಗನ ಮುಖ ನೋಡಿದರು. "ಹೆಚ್ಚು ಅಂದ್ರೆ ನಿಂಗೆ ಅಲ್ಲಿ ನಿದ್ದೆ ಬರೂದಿಲ್ಲಲ" ಅಂದರು.

ಅವನಿಗೆ ನಾನು ಹೇಳಿದ್ದು ಇಷ್ಟು: ಫೋನಿನಲ್ಲಿ ಅಂಕಿ ಕೇಳಬೇಡ. ಊಟ ಆಯ್ತಾ, ನಡೆದ್ಯಾ, ಕಾಲಿಗೆ ಏನಾದ್ರೂ ಚುಚ್ಚಿದ್ಯಾ, ಅಷ್ಟು ಕೇಳು. ವಾರಕ್ಕೊಮ್ಮೆ ಯಂತ್ರದ ಫೋಟೋ ನಮ್ಮ ಆಶಾ ಕಾರ್ಯಕರ್ತೆ ತೆಗೆದು ಕಳಿಸುತ್ತಾಳೆ, ಹೆಚ್ಚಿದ್ದರೆ ನನಗೆ ಫೋನ್ ಮಾಡು, ಅವರಿಗಲ್ಲ. ಎಲ್ಲ ಮಕ್ಕಳೂ ಇದನ್ನು ಕೇಳುವುದಿಲ್ಲ. ಅವನು ಕೇಳಿದ.

ಇನ್ಸುಲಿನ್ ಇರುವ ಮನೆಯಲ್ಲಿ ನನ್ನ ಕ್ರಮ ಒಂದೇ: ಹೇಳಿಸುವುದಿಲ್ಲ, ಮಾಡಿ ತೋರಿಸಲು ಹೇಳುತ್ತೇನೆ. ಮತ್ತೆ ಘಟ್ಟ ಇಳಿದು ಕೆಳಗೆ ಬಂದ ಮೇಲಿನ ಮಾತು. ಒಬ್ಬ ತಾಯಿಗೆ ಬೆಳಿಗ್ಗೆ 20, ರಾತ್ರಿ 12 ಯೂನಿಟ್. ವರ್ಷವಿಡೀ ಚೆನ್ನಾಗಿದ್ದ ಶುಗರ್ ಮೂರು ವಾರದಿಂದ ಮುನ್ನೂರರ ಮೇಲೆ. ಎಲ್ಲಾದರೂ ಸೋಂಕು ಇರಬಹುದೇ ಎಂದು ಹುಡುಕಿದ್ದಾಯಿತು. ಬಾಟಲಿ ಫ್ರಿಜ್ಜಿನ ಬಾಗಿಲಲ್ಲೇ ಇತ್ತು, ಐಸಿನ ಖಾನೆಗೆ ಹೋಗಿರಲಿಲ್ಲ. ಡೋಸ್ ಏರಿಸುವ ಮಾತು ಬಂತು. ಅಷ್ಟರಲ್ಲಿ ನಾನು ಮಗಳಿಗೆ, "ಚೀಲದಲ್ಲಿ ಇರೂದೆಲ್ಲ ತೆಗಿ, ಮನೇಲಿ ಮಾಡಿದ ಹಾಗೇ ಇಲ್ಲಿ ಮಾಡು" ಅಂದೆ.

ಅವಳು ಕೈ ತೊಳೆದಳು, ಬಾಟಲಿಯನ್ನು ಅಂಗೈಯಲ್ಲಿ ಹೊರಳಿಸಿದಳು, ಮುಚ್ಚಳ ಒರೆಸಿದಳು. ಎಲ್ಲ ಸರಿ. ಸಿರಿಂಜ್ ತೆಗೆದಳು. ಅದರ ಟೋಪಿ ಕಿತ್ತಳೆ ಬಣ್ಣ.

"ಇದು ಎಲ್ಲಿಂದ ಬಂತು?"

"ಅಣ್ಣ ದುಬೈಯಿಂದ ತಂದಿದ್ರು, ಎರಡು ಬಾಕ್ಸ್. ಅಲ್ಲಿದು ಒಳ್ಳೇದು ಅಂತ."

ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಹೆಚ್ಚಿನವು ಒಂದು ಎಂಎಲ್‌ಗೆ 40 ಯೂನಿಟಿನವು, ಅವಕ್ಕೆ ಕೆಂಪು ಟೋಪಿಯ ಸಿರಿಂಜ್. ಕಿತ್ತಳೆ ಟೋಪಿಯದು ಎಂಎಲ್‌ಗೆ 100 ಯೂನಿಟಿನ ಇನ್ಸುಲಿನ್‌ಗೆ. ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಬರುವುದು 0.2 ಎಂಎಲ್. 40ರ ಬಾಟಲಿಯ 0.2 ಎಂಎಲ್‌ನಲ್ಲಿ ಇರುವುದು 8 ಯೂನಿಟ್. ತಾಯಿ ಮೂರು ವಾರ 20ರ ಬದಲು 8 ಚುಚ್ಚಿಸಿಕೊಂಡಿದ್ದರು. ನಮ್ಮ ಪುಣ್ಯಕ್ಕೆ ತಪ್ಪು ಈ ದಿಕ್ಕಿನಲ್ಲಿ ಆಗಿತ್ತು. 100ರ ಬಾಟಲಿಗೆ ಕೆಂಪು ಸಿರಿಂಜ್ ಹಾಕಿ 20 ಎಳೆದಿದ್ದರೆ ಒಳಗೆ ಹೋಗುತ್ತಿದ್ದದ್ದು 50 ಯೂನಿಟ್. ನಾವು ನೋಡದೆ ಡೋಸ್ ಏರಿಸಿದ್ದರೂ ಅಷ್ಟೇ. ದುಬೈಯ ಬಾಕ್ಸ್ ಮುಗಿದು ಊರಿನ ಕೆಂಪು ಸಿರಿಂಜಿಗೆ ಬಂದ ದಿನ ಅವರು ಏಳುತ್ತಿರಲಿಲ್ಲವೇನೋ. ಹೊನ್ನಾವರ, ಭಟ್ಕಳ, ಕುಮಟಾದಲ್ಲಿ ಗಲ್ಫಿಗೆ ಹೋದವರಿಲ್ಲದ ಕೇರಿ ಕಡಿಮೆ. ಪ್ರೀತಿಯಿಂದ ಬರುವ ಪಾರ್ಸೆಲ್ಲಿನಲ್ಲಿ ಏನಿದೆ ಎಂದು ಈಗ ಪ್ರತಿ ಸಲ ಕೇಳುತ್ತೇನೆ. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಒಂದೇ ಇರಬೇಕು. ಓದಲು ಬರುವ ಮಕ್ಕಳಿಗೆ ಆ ಕೆಲಸ ಕೊಡುತ್ತೇನೆ. ಅದೇ ದಿನ ಆ ತಾಯಿಯ ಹೊಟ್ಟೆ ಮುಟ್ಟಿ ನೋಡಿದರೆ ಒಂದೇ ಕಡೆ ಚುಚ್ಚಿ ಚುಚ್ಚಿ ಗಂಟಾಗಿತ್ತು. ಗಂಟಿನಲ್ಲಿ ಚುಚ್ಚಿದರೆ ನೋವಾಗುವುದಿಲ್ಲ, ಆದರೆ ಔಷಧ ಸರಿಯಾಗಿ ಹೀರುವುದೂ ಇಲ್ಲ.

ಮನೆಯವರು ಅಂದರೆ ರಕ್ತಸಂಬಂಧಿಗಳೇ ಎಂದು ನಾನೂ ತಿಳಿದಿದ್ದೆ. ಬೋಟಿಗೆ ಹೋಗುವ ಒಬ್ಬರು ಅದನ್ನು ಸರಿಪಡಿಸಿದರು. ನಸುಕಿನ ಮೂರು ಗಂಟೆಗೆ ಮಾತ್ರೆ ನುಂಗಿ, ಬರೀ ಕರಿ ಚಾ ಕುಡಿದು ಸಮುದ್ರಕ್ಕೆ ಇಳಿದಿದ್ದರು. ಬೆಳಕು ಹರಿಯುವ ಹೊತ್ತಿಗೆ ಮೈ ಬೆವರು, ಕೈ ನಡುಕ, ಮಾತು ತೊದಲು. ಜೊತೆಯವರು ರಾತ್ರಿ ಕುಡಿದದ್ದು ಇಳಿದಿಲ್ಲ ಎಂದು ನಗಾಡಿ, ಮುಖಕ್ಕೆ ಉಪ್ಪುನೀರು ಎರಚಿದರಂತೆ. ಒಬ್ಬ ಹುಡುಗ ಥರ್ಮಾಸಿನ ಸಿಹಿ ಚಾ ಕುಡಿಸಿದ್ದಕ್ಕೆ ಬದುಕಿದರು. ಅವರ ಹೆಂಡತಿಗೆ ನಾನು ಎಲ್ಲ ಹೇಳಿಕೊಟ್ಟಿದ್ದೆ, ಚೆನ್ನಾಗಿ ಕಲಿತಿದ್ದಳು ಕೂಡ. ಆದರೆ ಸಮುದ್ರದ ನಡುವೆ ಹೆಂಡತಿ ಎಲ್ಲಿಂದ ಬರಬೇಕು? ಅಲ್ಲಿ ಮನೆಯವರು ಅಂದರೆ ತಾಂಡೇಲ (ಬೋಟು ನಡೆಸುವವ) ಮತ್ತು ಬೋಟಿನ ಹುಡುಗರು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಎಲ್ಲರೂ ದಡದಲ್ಲೇ, ಬಲೆ ರಿಪೇರಿ ಮಾಡುತ್ತ. ಒಂದು ಮಧ್ಯಾಹ್ನ ಅಲ್ಲಿಗೇ ಹೋದೆ. ಅವರ ಒಪ್ಪಿಗೆ ಪಡೆದೇ ಹೋದದ್ದು. ಬಲೆಯ ರಾಶಿಯ ಮೇಲೆ ಕೂತು ಹೇಳಿದೆ: ಬೆವರು, ನಡುಕ, ಹಸಿವು, ಸಿಡುಕು, ತೊದಲು ಇವು ಕಂಡರೆ ಕುಡಿದಿದ್ದಾನೆ ಅನ್ನುವ ಮೊದಲು ಶುಗರ್ ಇಳಿದಿದೆ ಅಂದುಕೊಳ್ಳಿ. 70ರ ಕೆಳಗೆ ಹೋದರೆ ಹೀಗಾಗುತ್ತದೆ. ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ನೋಡಿ, ಸರಿಯಾಗದಿದ್ದರೆ ಮತ್ತೊಮ್ಮೆ. ಸುಧಾರಿಸಿದ ಮೇಲೆ ಊಟ ಕೊಡಿ, ಇಲ್ಲದಿದ್ದರೆ ಪುನಃ ಇಳಿಯುತ್ತದೆ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ ದಡಕ್ಕೆ ತಿರುಗಿಸಿ, 108ಕ್ಕೆ ಹೇಳಿ. ಒಬ್ಬ, "ಸಕ್ರೆ ಬೋಟಲ್ಲಿ ನೀರಾಗ್ತದೆ ಅಕ್ಕೋರೇ" ಅಂದ. ಅದು ನನಗೆ ಹೊಳೆದಿರಲಿಲ್ಲ. ಕೊನೆಗೆ ಅವರೇ ಸಣ್ಣ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಮುಚ್ಚಳಕ್ಕೆ ಟೇಪು ಸುತ್ತಿ, ಸ್ಟೇರಿಂಗಿನ ಹತ್ತಿರ ಕಟ್ಟಿದರು. ಡಾಕ್ಟರು ಮಾತ್ರೆಯನ್ನು ಮೂರು ಗಂಟೆಯಿಂದ ತೆಗೆದು ಬೋಟಿನ ಮೊದಲ ಊಟದ ಜೊತೆಗೆ ಹಾಕಿದರು.

ಹಬ್ಬದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಚೌತಿಯ ಮಾರನೇ ವಾರ ನಮ್ಮ ರೂಮಿನಲ್ಲಿ ಎಲ್ಲರ ಅಂಕಿ ಮೇಲೆ. ಮೇ ತಿಂಗಳಲ್ಲಿ ಮಾವು. 2023ರಲ್ಲಿ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಸಿಕ್ಕ ನಮ್ಮ ಅಂಕೋಲೆಯ ಕರಿ ಇಶಾಡನ್ನು ಬೇಡ ಅನ್ನುವ ಧೈರ್ಯ ನನಗೂ ಇಲ್ಲ. ಅರ್ಧ ಹಣ್ಣು, ಊಟದ ಮೇಲಲ್ಲ, ಸಂಜೆ ಬೇರೆ ತಿಂಡಿಯ ಬದಲು. ರಸ ತೆಗೆದು ಲೋಟಕ್ಕೆ ಸುರಿಯಬೇಡಿ. ಏಕಾದಶಿ, ಸಂಕಷ್ಟಿ, ರಂಜಾನ್ ಉಪವಾಸದವರು ಮೊದಲೇ ಬಂದು ಮಾತ್ರೆಯ ಹೊತ್ತು ಕೇಳಿಕೊಂಡು ಹೋಗಬೇಕು. ಇದನ್ನು ರೋಗಿಗಿಂತ ಹೆಚ್ಚಾಗಿ ಮನೆಯ ಹಿರಿಯ ಹೆಂಗಸಿಗೆ ಹೇಳುತ್ತೇನೆ, ಹಬ್ಬದ ಲೆಕ್ಕ ಇರುವುದು ಅವರ ತಲೆಯಲ್ಲಿ.

ಮನೆಯವರನ್ನು ಒಳಗೆ ಕರೆಯುವುದರಿಂದ ನಾನು ಎಣಿಸದೆ ಇದ್ದ ಒಂದು ಲಾಭವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೊಡ್ಡ ಅಧ್ಯಯನ 2023ರಲ್ಲಿ ಪ್ರಕಟವಾಯಿತು: ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ತಂದೆ ತಾಯಿಗೆ ಇದ್ದರೆ ಮಕ್ಕಳಿಗೆ ಸಂಭವ ಹೆಚ್ಚು. ಚೀಲ ಹಿಡಿದು ಬಂದ ಮಕ್ಕಳಿಗೆ ಮೂವತ್ತು ದಾಟಿದ್ದರೆ ಅವರ ಬೆರಳನ್ನೂ ಚುಚ್ಚುತ್ತೇನೆ. ಗಂಜಿ ಅಜ್ಜಿಯ ಮಗನಿಗೆ, ಸಿಹಿ ಮುಟ್ಟೂದೇ ಇಲ್ಲ ಎಂದು ತಾಯಿಯ ಪರ ವಾದಿಸುತ್ತಿದ್ದವನಿಗೆ, ಬರಿಹೊಟ್ಟೆಯಲ್ಲಿ 141 ಬಂತು. ಇನ್ನೊಂದು ದಿನ ಮತ್ತೆ ನೋಡಿದಾಗಲೂ 126ರ ಮೇಲೇ ಇತ್ತು, ಅಂದರೆ ಅವನಿಗೂ ಸಕ್ಕರೆ ಕಾಯಿಲೆ. ಈಗ ಆ ಮನೆಯ ಅಕ್ಕಿಯ ಲೋಟ ಇಬ್ಬರಿಗೂ ಸೇರಿ.

ಜೋನಿಬೆಲ್ಲದ ಮನೆಯ ಮೊಮ್ಮಗನ ಮಾತು ಬಾಕಿ ಇತ್ತು. ದಿನಾ ಸಂಜೆ ಅಜ್ಜ ಕಾಲು ತೊಳೆದು ಒರೆಸಿಕೊಂಡ ಮೇಲೆ, ಮೊಬೈಲಿನ ಟಾರ್ಚು ಹಾಕಿ ಬೆರಳ ಸಂದು, ಹಿಮ್ಮಡಿ, ಅಂಗಾಲು ನೋಡಬೇಕು ಎಂದು ಹೇಳಿದ್ದೆ. ಬಹಳ ವರ್ಷ ಶುಗರ್ ಇದ್ದವರ ಕಾಲಿಗೆ ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ. ತೋಟಕ್ಕೆ ಬರಿಗಾಲಲ್ಲಿ ಹೋಗುವ ಅಭ್ಯಾಸ ಬೇರೆ. ಆ ಹುಡುಗ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಪಾದದ ಚಿತ್ರ ಬರೆದು, ಏನಾದರೂ ಕಂಡ ಜಾಗಕ್ಕೆ ಕೆಂಪು ಚುಕ್ಕೆ ಇಡುತ್ತಿದ್ದ. ಒಂದು ಸೋಮವಾರ ಎಡಗಾಲಿನ ಕಿರುಬೆರಳ ಬುಡಕ್ಕೆ ಚುಕ್ಕೆ ಇಟ್ಟು, ಪಕ್ಕದಲ್ಲಿ "ಅಜ್ಜನಿಗೆ ನೋವಿಲ್ಲವಂತೆ, ಆದರೆ ಒದ್ದೆ ಇದೆ" ಎಂದು ಬರೆದಿದ್ದ. ಮಂಗಳವಾರ ಅವನ ಅಪ್ಪ ಅಜ್ಜನನ್ನು ಕರೆದುಕೊಂಡು ಬಂದ. ಒಳಗೆ ಮುರಿದ ಮುಳ್ಳು, ಸುತ್ತ ಕೀವು ಆಗತೊಡಗಿತ್ತು. ತೆಗೆದು, ಡ್ರೆಸ್ಸಿಂಗ್ ಮಾಡಿ, ಡಾಕ್ಟರು ಬರೆದ ಔಷಧ ಕೊಟ್ಟೆವು. ಹದಿನೈದು ದಿನಕ್ಕೆ ಒಣಗಿತು.

ಗಾಯ ತೋರಿಸಲು ಕೊನೆಯ ಸಲ ಬಂದಾಗ ಹುಡುಗನೂ ಶಾಲೆಗೆ ರಜೆ ಹಾಕಿ ಬಂದಿದ್ದ. ನೋಟ್‌ಬುಕ್ ತುಂಬಿದೆ, ಇನ್ನೊಂದು ಬೇಕು ಅಂದ. ಗೆರೆ ಇದ್ದದ್ದು ಬೇಡ, ಗೆರೆಯ ಮೇಲೆ ಪಾದ ಸರಿಯಾಗಿ ಬರುವುದಿಲ್ಲ, ಬಿಳಿ ಹಾಳೆಯದು ಬೇಕು.